ಸೋಲು ಶುರುವಾಗುವುದು ಟಿಕೆಟ್ ಹಂಚುವಾಗಲೇ

ಓದುಗರ ಪತ್ರ: ಮಹಿಳಾ ಮೀಸಲಿನಲ್ಲಿ ಗೆದ್ದು ಗ್ರಾಮ ಪಂಚಾಯತ್ ಅಧ್ಯಕ್ಷೆ ಆಗಿದ್ದೆ. ಮುಂದಿನ ಸಲ ನನ್ನ ಸ್ಥಾನ ಸಾಮಾನ್ಯಕ್ಕೆ ಹೋಯಿತು. ‘ನಿಮ್ಮ ಸರದಿ ಮುಗೀತಲ್ಲ’ ಅಂದರು ಪಕ್ಷದವರು. ಕರ್ನಾಟಕದಲ್ಲಿ ಇದುವರೆಗೆ ಒಬ್ಬ ಹೆಂಗಸೂ ಮುಖ್ಯಮಂತ್ರಿ ಆಗಿಲ್ಲ. ನಮಗೆ ಗೆಲ್ಲುವ ಶಕ್ತಿ ಇಲ್ಲ ಅನ್ನುತ್ತಾರೆ. ನಿಜಾನಾ? ಈಗ ಪಕ್ಷದ ಸಭೆಗೆ ಹೋಗುವುದನ್ನೂ ಬಿಟ್ಟಿದ್ದೇನೆ. – ಓದುಗರು, ಪೊನ್ನಂಪೇಟೆ ತಾಲ್ಲೂಕು

ಸಂಪಾದಕರ ಉತ್ತರ:

ಅಕ್ಕಾ, ನಿಜ ಅಲ್ಲ.

ನಿಮ್ಮದೇ ವಿರಾಜಪೇಟೆ ಕ್ಷೇತ್ರವನ್ನು ನೋಡಿ. ಆ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿದ್ದ ಕಾಲದಲ್ಲಿ ಸುಮಾ ವಸಂತ್ ಅಲ್ಲಿಂದ ಗೆದ್ದರು. ಎಸ್.ಎಂ. ಕೃಷ್ಣ ಸರ್ಕಾರದಲ್ಲಿ ಸಚಿವೆಯೂ ಆದರು. ಕೊಡಗಿನ ಜನ ಹೆಂಗಸಿಗೆ ಓಟು ಹಾಕಲ್ಲ ಅನ್ನುವವರಿಗೆ ಇದನ್ನು ನೆನಪಿಸಿ. 2011ರ ಜನಗಣತಿಯಂತೆ ನಮ್ಮ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1,019 ಹೆಂಗಸರಿದ್ದಾರೆ. ಆದರೂ 2023ರಲ್ಲಿ ಮಡಿಕೇರಿ, ವಿರಾಜಪೇಟೆ ಎರಡರಿಂದಲೂ ಗಂಡಸರೇ ಶಾಸಕರಾದರು. ರಾಜ್ಯದ 224 ಕ್ಷೇತ್ರಗಳಲ್ಲಿ ಗೆದ್ದ ಹೆಂಗಸರು ಹತ್ತೇ ಮಂದಿ. ಪಕ್ಷದ ಅಧಿಕೃತ ಅಭ್ಯರ್ಥಿ ಅನ್ನುವ ಬಿ ಫಾರಂ ಕೈಗೆ ಬಾರದೆ ಮನೆಗೆ ಹೋದವರನ್ನು ಯಾರೂ ಲೆಕ್ಕ ಇಡುವುದಿಲ್ಲ.

ಮುಖ್ಯಮಂತ್ರಿ ಹುದ್ದೆಯ ಕಥೆ ಇನ್ನೂ ಕಠಿಣ. ಜನ ಶಾಸಕರನ್ನು ಆರಿಸುತ್ತಾರೆ. ನಾಯಕ ಯಾರು ಅನ್ನುವುದನ್ನು ಪಕ್ಷ ಒಳಗೆ ಕೂತು ತೀರ್ಮಾನಿಸುತ್ತದೆ. ನಮ್ಮ ಗಡಿಯ ಮಾಕುಟ್ಟ ದಾಟಿದರೆ ಕೇರಳ. ಅಲ್ಲಿನ ಕೆ.ಆರ್. ಗೌರಿಯಮ್ಮ 1957ರ ಮೊದಲ ಸರ್ಕಾರದಲ್ಲೇ ಕಂದಾಯ ಸಚಿವೆ. ಭೂಸುಧಾರಣೆಯ ಮಸೂದೆ ತಂದವರು. 1987ರ ಚುನಾವಣೆಯಲ್ಲಿ ಮುಂದಿನ ಮುಖ್ಯಮಂತ್ರಿ ಗೌರಿಯಮ್ಮನೇ ಅಂತ ಊರೂರಲ್ಲಿ ಘೋಷಣೆ ಕೂಗಿದರು. ಅವರ ಒಕ್ಕೂಟ ಗೆದ್ದಿತು. ಕುರ್ಚಿ ಮಾತ್ರ ಇ.ಕೆ. ನಾಯನಾರ್ ಅವರಿಗೆ ಹೋಯಿತು. ಅನುಭವ ಇತ್ತು, ಹೆಸರಿತ್ತು, ಜನ ಬೆನ್ನಿಗಿದ್ದರು. ಇನ್ನೇನು ಬೇಕಿತ್ತು? ಆ ಕಥೆ ಓದಿದಾಗೆಲ್ಲ ನನಗೆ ಸಂಕಟವಾಗುತ್ತದೆ. ತಮಿಳುನಾಡಿನಲ್ಲಿ ಜಯಲಲಿತಾ ಮುಖ್ಯಮಂತ್ರಿ ಆದರು ನಿಜ. ಆದರೆ ಪಕ್ಷವೇ ಅವರ ಕೈಯಲ್ಲಿತ್ತು. ಟಿಕೆಟ್ ಕೊಡುವವರೇ ಅವರಾಗಿದ್ದರು.

ಸಾಮರ್ಥ್ಯದ ಮಾತು ತೆಗೆಯುವವರಿಗೆ ಒಂದೇ ಹೆಸರು ಸಾಕು. ಕೆ.ಎಸ್. ನಾಗರತ್ನಮ್ಮ. 1972ರಿಂದ 1978ರವರೆಗೆ ನಮ್ಮ ವಿಧಾನಸಭೆಯ ಸ್ಪೀಕರ್ ಆಗಿ ಇಡೀ ಸದನ ನಡೆಸಿದರು.

ಇನ್ನು ನಿಮ್ಮ ಸರದಿ ಮುಗಿದ ವಿಷಯ. ಕರ್ನಾಟಕ 1983ರಲ್ಲೇ ಕಾನೂನು ಮಾಡಿ ಪಂಚಾಯತಿಗಳಲ್ಲಿ ಹೆಂಗಸರಿಗೆ ಶೇ 25 ಜಾಗ ಇಟ್ಟಿತ್ತು. ದೇಶಕ್ಕೆಲ್ಲ ಮೂರನೇ ಒಂದು ಪಾಲಿನ ಮೀಸಲು ಬಂದದ್ದು 1993ರಲ್ಲಿ. ಈಗ ನಮ್ಮಲ್ಲಿ ಅರ್ಧಕ್ಕರ್ಧ. ಆದರೆ ಮೀಸಲು ಸುತ್ತುತ್ತಾ ಹೋಗುತ್ತದೆ. ಕಡತ ಓದಲು, ಪಂಚಾಯತ್ ಅಭಿವೃದ್ಧಿ ಅಧಿಕಾರಿ (ಪಿಡಿಓ) ಜೊತೆ ವಾದ ಮಾಡಲು, ಕ್ರಿಯಾಯೋಜನೆ ಹಿಡಿದು ಜಗಳ ಆಡಲು ಕಲಿಯುವ ಹೊತ್ತಿಗೆ ಅಧ್ಯಕ್ಷರ 30 ತಿಂಗಳು ಮುಗಿದಿರುತ್ತದೆ. ಕಲಿತವರನ್ನು ಮೇಲೆ ಕರೆದುಕೊಳ್ಳಬೇಕಾದ ಪಕ್ಷ ‘ಸಾಕು’ ಅನ್ನುತ್ತದೆ.

ಪಂಚಾಯತಿಗೂ ವಿಧಾನಸೌಧಕ್ಕೂ ನಡುವೆ ಇರುವ ಮೆಟ್ಟಿಲು ಜಿಲ್ಲಾ ಪಂಚಾಯತ್. ನಮ್ಮ ವೀಣಾ ಅಚ್ಚಯ್ಯ ಜಿಲ್ಲಾ ಪಂಚಾಯತ್ ಅಧ್ಯಕ್ಷೆ ಆಗಿದ್ದವರು, ಆಮೇಲೆ ವಿಧಾನ ಪರಿಷತ್ತಿಗೆ ಹೋದರು. ಅದೇ ಮೆಟ್ಟಿಲನ್ನು ಈಗ ಕಿತ್ತಿಟ್ಟಿದ್ದಾರೆ. ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಸರ್ಕಾರ ಬದಲಾಯಿತು, ಇದು ಬದಲಾಗಲಿಲ್ಲ. ಇದರಿಂದ ಜಾಸ್ತಿ ಕಳೆದುಕೊಂಡವರು ನಿಮ್ಮಂಥವರೇ. ಹಣ, ಮನೆತನದ ಬಲ ಇರುವ ಗಂಡಸು ನೇರವಾಗಿ ವಿಧಾನಸಭೆ ಟಿಕೆಟ್ ಕೇಳುತ್ತಾನೆ. ನಿಮಗೆ ಹೆಸರು ಮಾಡಲು ಅಲ್ಲಿ ಹೆಂಗಸರಿಗೆ ಮೀಸಲಾದ ಆ ಅರ್ಧ ಸ್ಥಾನಗಳು ಬೇಕೇ ಬೇಕಿತ್ತು. ಇದನ್ನು ಅನ್ಯಾಯ ಅಂತಲೇ ಕರೆಯುತ್ತೇನೆ.

2023ರಲ್ಲಿ ಸಂಸತ್ತು ವಿಧಾನಸಭೆ, ಲೋಕಸಭೆಗಳಲ್ಲಿ ಮೂರನೇ ಒಂದು ಸ್ಥಾನ ಕೊಡುವ ಕಾನೂನು ಮಾಡಿತು. ಜಾರಿಯನ್ನು ಮಾತ್ರ ಜನಗಣತಿ, ಕ್ಷೇತ್ರ ಮರುವಿಂಗಡಣೆಗೆ ಕಟ್ಟಿಹಾಕಿತು. ಆ ಕಾನೂನಿಗೆ ಓಟು ಹಾಕಿದ ಪಕ್ಷಗಳು ಮನಸ್ಸು ಮಾಡಿದರೆ ನಾಳೆಯೇ ಮೂರರಲ್ಲೊಂದು ಟಿಕೆಟ್ ಕೊಡಬಹುದು. ಅದಕ್ಕೆ ಯಾವ ಗಣತಿಯೂ ಬೇಡ, ಅಲ್ವಾ?

ನೀವು ಪಕ್ಷದ ಸಭೆಗೆ ಹೋಗುವುದನ್ನು ಬಿಟ್ಟಿದ್ದೀರಿ ಅಂತ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ದಯವಿಟ್ಟು ಬಿಡಬೇಡಿ. ಸುಮ್ನೆ ಕುಂಕುಮ ಹಚ್ಚಿ ಸ್ವಾಗತ ಮಾಡುವ ಕೆಲಸಕ್ಕಲ್ಲ, ಬೂತ್ ಸಮಿತಿಗೆ ಹೆಸರು ಕೊಡಿ. ಸಾಮಾನ್ಯ ಸ್ಥಾನದಲ್ಲಿ ಹೆಂಗಸೂ ನಿಲ್ಲಬಹುದು. ಜಿಲ್ಲಾ ಪಂಚಾಯತ್ ಚುನಾವಣೆ ಬಂದಾಗ ಅಲ್ಲಿಗೇ ಟಿಕೆಟ್ ಕೇಳಿ, ಬರವಣಿಗೆಯಲ್ಲಿ ಕೇಳಿ. ಕೊಡದಿದ್ದರೆ ಕಾರಣವನ್ನೂ ಬರೆದುಕೊಡಲು ಹೇಳಿ. ಆ ಕಾಗದ ನಮಗೆ ಕಳಿಸಿ, ಈ ಪುಟದಲ್ಲೇ ಅಚ್ಚು ಹಾಕುತ್ತೇವೆ.