ಓಬಿಜಿ ಸೀಟು: ಸಿಸ್ಟರ್‌ಗಳ ಆಸ್ಪತ್ರೆಯೋ, ಸರ್ಕಾರಿ ಆಸ್ಪತ್ರೆಯೋ?

ಪ್ರಶ್ನೆ: ಅಕ್ಕಾ, ನಾನು ಗದಗ ಜಿಲ್ಲೆಯವಳು. ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಮುಗಿಸಿದ್ದೇನೆ. ನೀಟ್ ಪಿಜಿಯಲ್ಲಿ ಓಬಿಜಿ (ಹೆರಿಗೆ ಮತ್ತು ಸ್ತ್ರೀರೋಗ ವಿಭಾಗ) ಸಿಗುವಷ್ಟು ರ‍್ಯಾಂಕ್ ಬಂದಿದೆ. ಒಂದು ಕಡೆ ದೂರದ ಊರಿನ ಕ್ಯಾಥೊಲಿಕ್ ಮೆಡಿಕಲ್ ಕಾಲೇಜು. ದೊಡ್ಡ ಹೆಸರು, ಚೆನ್ನಾಗಿ ಕಲಿಸುತ್ತಾರೆ, ಹಾಸ್ಟೆಲ್ ಸುರಕ್ಷಿತ. ಆದರೆ ಅಲ್ಲಿ ಟ್ಯೂಬೆಕ್ಟಮಿ (ಹೆಂಗಸರ ಸಂತಾನಹರಣ ಆಪರೇಷನ್), ವಂಕಿ (ಕಾಪರ್ ಟಿ), ಎಂಟಿಪಿ (ಗರ್ಭಪಾತ) ಯಾವುದನ್ನೂ ಮಾಡುವುದಿಲ್ಲ. ಇನ್ನೊಂದು ಕಡೆ ನಮ್ಮ ಭಾಗದ ಸರ್ಕಾರಿ ಕಾಲೇಜು. ಅಲ್ಲಿ ಕೇಸು ಜಾಸ್ತಿ, ಕಲಿಸಲು ಯಾರಿಗೂ ಪುರುಸೊತ್ತಿಲ್ಲ ಅಂತಾರೆ. ಅವ್ವನಿಗೆ ಮೊದಲನೆಯದೇ ಇಷ್ಟ. ಕೊರಳಲ್ಲಿ ಲಿಂಗ ಇರುವ ಹುಡುಗಿ ಮೂರು ವರ್ಷ ಅಲ್ಲಿ ಹೇಗಿರುತ್ತಾಳೆ ಅನ್ನುವುದು ಅಪ್ಪನ ಚಿಂತೆ. ಮುಂದೆ ಮುಂಡರಗಿ ಕಡೆ ನಮ್ಮೂರಲ್ಲೇ ಹೆರಿಗೆ ಆಸ್ಪತ್ರೆ ಮಾಡುವ ಆಸೆ ನನಗೆ. ಆಪ್ಷನ್ ಎಂಟ್ರಿಯಲ್ಲಿ ಯಾವುದನ್ನು ಮೇಲೆ ಹಾಕಲಿ?

ತಂಗೀ, ಅಕ್ಕಾ ಅಂತ ಕರೆದಿದ್ದೀಯ. ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ.

ಅಪ್ಪನ ಚಿಂತೆ ಮೊದಲು ಮುಗಿಸೋಣ. ಬಾಸೆಲ್ ಮಿಷನ್‌ನವರು ಧಾರವಾಡಕ್ಕೆ ಬಂದಿದ್ದು 1837ರಲ್ಲಿ. ಅವರ ಶಾಲೆಯಲ್ಲಿ ಕಲಿತ ಎಷ್ಟೋ ಲಿಂಗಾಯತರ ಮಕ್ಕಳು ಮನೆಗೆ ಬಂದು ವಿಭೂತಿ ಹಚ್ಚಿಕೊಂಡೇ ಊಟಕ್ಕೆ ಕೂತವರು. ಬೆಟಗೇರಿಯ ಜರ್ಮನ್ ದವಾಖಾನೆಯಲ್ಲಿ ಹುಟ್ಟಿದವರು ನಿಮ್ಮ ಮನೆತನದಲ್ಲೇ ಇರಬಹುದು, ಅಜ್ಜಿಯನ್ನು ಕೇಳಿ ನೋಡು. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಎರಡು ನಿಮಿಷ ಸುಮ್ನೆ ನಿಂತರೆ ಆಯಿತು. ಪೂಜೆ ರೂಮಿನಲ್ಲಿ ಮಾಡಿಕೋ. ಅಪ್ಪನಿಗೆ ಇಷ್ಟು ಹೇಳಿದರೆ ಸಾಕು.

ನಿನ್ನ ಚಿಂತೆ ಬೇರೆ. ಅದು ಸಣ್ಣದಲ್ಲ.

ನಾನೂ ಎರಡು ವರ್ಷ ಸಿಸ್ಟರ್‌ಗಳ, ಅಂದರೆ ಕ್ಯಾಥೊಲಿಕ್ ಸನ್ಯಾಸಿನಿಯರ, ಆಸ್ಪತ್ರೆಯಲ್ಲಿ ಕೆಲಸ ಮಾಡಿದವಳು. ಹೆರಿಗೆ ಟೇಬಲ್ ಮೇಲೆ ನೋವು ತಿನ್ನುತ್ತಿರುವ ಹೆಂಗಸನ್ನು ಬೈಯಬಾರದು ಅನ್ನುವುದನ್ನು ನಾನು ಕಲಿತಿದ್ದು ಅಲ್ಲಿ. ರಾತ್ರಿ ಎರಡು ಗಂಟೆಗೂ ಪಾರ್ಟೋಗ್ರಾಫ್ (ಹೆರಿಗೆ ಹೇಗೆ ಸಾಗುತ್ತಿದೆ ಅಂತ ಗುರುತಿಸುವ ಚಾರ್ಟ್) ತುಂಬಿರಬೇಕು. ಒಂದು ಗಾಜ್ ಲೆಕ್ಕ ತಪ್ಪಿದರೆ ಹೊಟ್ಟೆ ಮುಚ್ಚುವಂತಿಲ್ಲ. ದುಡ್ಡಿಲ್ಲದವರನ್ನು ಬಾಗಿಲಿಂದ ವಾಪಸ್ ಕಳಿಸಿದ್ದನ್ನು ನಾನು ನೋಡಲಿಲ್ಲ. ಆ ಸಿಸ್ಟರ್‌ಗಳ ಋಣ ನನ್ನ ಮೇಲಿದೆ.

ಅದೇ ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ಹಳ್ಳಿಯ ಹೆಂಗಸೊಬ್ಬಳಿಗೆ ಮೂರನೇ ಸಿಸೇರಿಯನ್ ಮಾಡುತ್ತಿದ್ದೆ. ಬೆನ್ನಿಗೆ ಸ್ಪೈನಲ್ ಅರಿವಳಿಕೆ ಕೊಟ್ಟಿದ್ದರಿಂದ ಎಚ್ಚರ ಇದ್ದಳು. ಕೂಸು ಅತ್ತಿದ್ದು ಕೇಳಿದ ಮೇಲೆ ಪರದೆಯ ಆಚೆಯಿಂದ, ‘ಅಕ್ಕಾರ, ಹೆಂಗೂ ಹೊಟ್ಟಿ ಕೊಯ್ದೀರಿ, ಇದರ ಜತಿಗೇ ಆಪರೇಷನ್ನೂ ಮಾಡಿ ಮುಗಿಸಿಬಿಡ್ರಿ’ ಅಂದಳು. ನಾನು ಗರ್ಭಕೋಶಕ್ಕೆ ಹೊಲಿಗೆ ಹಾಕುತ್ತಿದ್ದೆ. ಎರಡೂ ಬದಿಯ ನಳಿಕೆ ಕಣ್ಣೆದುರೇ ಇದ್ದವು. ಗಂಟು ಹಾಕಿ ಕತ್ತರಿಸಲು ಐದು ನಿಮಿಷ ಸಾಕು. ಎದುರಿಗಿದ್ದ ಸಿಸ್ಟರ್ ನನ್ನ ಮುಖ ನೋಡಿದರು. ನಾನು ಮಾತಾಡದೆ ಹೊಟ್ಟೆ ಮುಚ್ಚಿದೆ. ಮೂರು ತಿಂಗಳಾದ ಮೇಲೆ ಆಕೆ ಹಾಲು ಕುಡಿಯುವ ಕೂಸನ್ನು ಅತ್ತೆಯ ಕೈಗೆ ಕೊಟ್ಟು, ಬೇರೆ ಊರಲ್ಲಿ ಮತ್ತೆ ಹೊಟ್ಟೆ ಕೊಯ್ಯಿಸಿಕೊಂಡಳು ಅಂತ ಗೊತ್ತಾಯಿತು. ಮೂರು ಸಲ ಕೊಯ್ದ ಹೊಟ್ಟೆಯ ಒಳಗೆ ಎಲ್ಲ ಹೇಗೆ ಅಂಟಿಕೊಂಡಿರುತ್ತದೆ ಅಂತ ನಿನಗೆ ಗೊತ್ತಲ್ಲ. ಆಕೆಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ನನಗೆ ಅದು ಇವತ್ತಿಗೂ ಚುಚ್ಚುತ್ತದೆ.

ಸಿಸ್ಟರ್‌ಗಳದ್ದು ಮೊಂಡುತನ ಅಂತ ತಿಳಿಯಬೇಡ. 1968ರಲ್ಲಿ ಪೋಪ್ ಆರನೇ ಪೌಲ್ ಕೃತಕ ಸಂತಾನ ನಿಯಂತ್ರಣ ತಪ್ಪು ಅಂತ ಸ್ಪಷ್ಟವಾಗಿ ಬರೆದರು. ಕ್ಯಾಥೊಲಿಕ್ ಆಸ್ಪತ್ರೆಗಳು ಅದಕ್ಕೆ ಬದ್ಧ. ಮೂರು ವರ್ಷ ಅವರ ಮನೆಯಲ್ಲಿದ್ದು ಅದನ್ನು ಬದಲಿಸುತ್ತೇನೆ ಅಂತ ಹೋಗುವುದು ಸರಿಯಲ್ಲ. ಇದು ಎಲ್ಲ ಧರ್ಮದವರ ಆಸ್ಪತ್ರೆಗೂ ಅನ್ವಯಿಸುವ ಮಾತೂ ಅಲ್ಲ. ನಮ್ಮ ಸತ್ತೂರಿನ ಎಸ್‌ಡಿಎಂ ಮೆಡಿಕಲ್ ಕಾಲೇಜು ಧರ್ಮಸ್ಥಳದವರದ್ದು, ಬೆಟಗೇರಿಯದ್ದು ಪ್ರೊಟೆಸ್ಟೆಂಟರದ್ದು. ಪೋಪ್ ಮಾತು ಅವರನ್ನು ಕಟ್ಟಿಹಾಕುವುದಿಲ್ಲ. ನೀನು ಮಕ್ಕಳ ವಿಭಾಗವನ್ನೋ ಆರ್ಥೋವನ್ನೋ ಆರಿಸಿದ್ದರೆ, ಕಣ್ಣು ಮುಚ್ಚಿ ಸಿಸ್ಟರ್‌ಗಳ ಹತ್ತಿರ ಹೋಗು ಅನ್ನುತ್ತಿದ್ದೆ.

ಆದರೆ ನೀನು ಕೇಳುತ್ತಿರುವುದು ಓಬಿಜಿ. ಅದೂ ಮುಂಡರಗಿಗೆ. ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ ಲೆಕ್ಕ ನೋಡು. 15ರಿಂದ 49 ವಯಸ್ಸಿನ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 57 ಮಂದಿ ಟ್ಯೂಬೆಕ್ಟಮಿ ಮಾಡಿಸಿಕೊಂಡವರು. ನಮ್ಮ ಹಳ್ಳಿಗಳಲ್ಲಿ ‘ಆಪರೇಷನ್’ ಅಂದರೆ ಬೇರೆ ಅರ್ಥವೇ ಇಲ್ಲ, ಅಲ್ವಾ? ನಿನ್ನ ಆಸ್ಪತ್ರೆಯ ಮೊದಲ ವಾರದಲ್ಲೇ ಅದು ಬರುತ್ತದೆ. ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಿ, ಅರ್ಧ ಗರ್ಭ ಹೋಗಿ ಅರ್ಧ ಉಳಿದು, ಸೀರೆ ತೊಯ್ದು ಬರುವವರೂ ಬರುತ್ತಾರೆ. ಅಂಥವರನ್ನು ಸ್ವಚ್ಛ ಮಾಡುವುದನ್ನು ಕ್ಯಾಥೊಲಿಕ್ ಆಸ್ಪತ್ರೆಯಲ್ಲೂ ಕಲಿಸುತ್ತಾರೆ. ಅಷ್ಟರ ಮಟ್ಟಿಗೆ ಹೆದರಬೇಡ. ಅಲ್ಲಿ ಕಲಿಯಲು ಸಿಗದೆ ತಪ್ಪಿಹೋಗುವುದು ಮಿನಿಲ್ಯಾಪ್ (ಸಣ್ಣದಾಗಿ ಹೊಟ್ಟೆ ಕೊಯ್ದು ಮಾಡುವ ಟ್ಯೂಬೆಕ್ಟಮಿ), ಹೆರಿಗೆಯಾದ ಕೂಡಲೇ ವಂಕಿ ಹಾಕುವುದು, ನಾಲ್ಕೈದು ತಿಂಗಳ ಎಂಟಿಪಿ. ಇದರ ಜೊತೆಗೆ, ಹೆದರಿ ಬಂದ ಹುಡುಗಿಯನ್ನು ಕೂರಿಸಿಕೊಂಡು ಮಾತಾಡುವ ರೂಢಿಯೂ ತಪ್ಪುತ್ತದೆ. ಇದರಲ್ಲಿ ಒಂದು ತೊಡಕಿದೆ. ಓಬಿಜಿಯಲ್ಲಿ ಪಿಜಿ ಆದರೆ ಎಂಟಿಪಿ ಮಾಡುವ ಅರ್ಹತೆ ಕಾನೂನಿನ ಪ್ರಕಾರ ತಾನಾಗೇ ಬರುತ್ತದೆ. ಒಂದೂ ಮಾಡಿರದಿದ್ದರೂ ಬರುತ್ತದೆ. ಸರ್ಟಿಫಿಕೇಟ್ ಗೋಡೆಯ ಮೇಲಿರುತ್ತದೆ, ಕೈ ಮಾತ್ರ ಪಳಗಿರುವುದಿಲ್ಲ.

ಸವಿತಾ ಹಾಲಪ್ಪನವರ ನಿನಗೆ ನೆನಪಿರಬೇಕು. ಬೆಳಗಾವಿಯ ಹುಡುಗಿ, ದಂತವೈದ್ಯೆ. 2012ರ ಅಕ್ಟೋಬರ್ 21ರಂದು, 17 ವಾರದ ಬಸುರಿ, ಐರ್ಲೆಂಡಿನ ಗಾಲ್ವೇಯಲ್ಲಿ ಆಸ್ಪತ್ರೆ ಸೇರಿದಳು. ಗರ್ಭ ಉಳಿಯುವುದಿಲ್ಲ ಅಂತ ಗೊತ್ತಾದ ಮೇಲೆ ತೆಗೆದುಬಿಡಿ ಅಂತ ಕೇಳಿಕೊಂಡಳು. ಎದೆಬಡಿತ ಇದೆ ಅಂತ ತೆಗೆಯಲಿಲ್ಲ. 28ಕ್ಕೆ ಸೆಪ್ಸಿಸ್‌ನಿಂದ, ಅಂದರೆ ಸೋಂಕು ಮೈಗೆಲ್ಲ ಏರಿ, ತೀರಿಕೊಂಡಳು, 31 ವಯಸ್ಸು. ಅಲ್ಲಿ ಅಡ್ಡ ಬಂದಿದ್ದು ಆ ದೇಶದ ಕಾನೂನು. 2018ರಲ್ಲಿ ಜನ ಮತ ಹಾಕಿ ಅದನ್ನು ತೆಗೆದರು. ನಮ್ಮಲ್ಲಿ 1971ರ ಎಂಟಿಪಿ ಕಾಯ್ದೆಯೇ ತಾಯಿಯ ಜೀವ ಉಳಿಸಲು ತಕ್ಷಣ ಗರ್ಭ ತೆಗೆಯುವುದಕ್ಕೆ ಅವಕಾಶ ಕೊಟ್ಟಿದೆ. ನಿನ್ನನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ಆ ಹೊತ್ತಿನಲ್ಲಿ ಕೈ ಕಾಯುತ್ತಾ ನಿಲ್ಲದ ಹಾಗೆ ತಯಾರಾಗಿರಬೇಕು, ಅದಕ್ಕೆ ಹೇಳಿದೆ.

ನೇರವಾಗಿ ಹೇಳುತ್ತೇನೆ. ಸರ್ಕಾರಿ ಸೀಟನ್ನು ಮೇಲೆ ಹಾಕು. ಕಲಿಸಲು ಪುರುಸೊತ್ತಿಲ್ಲ ಅನ್ನುವುದು ನಿಜವೇ. ನಿನ್ನ ಪುಸ್ತಕ ನೀನೇ ಓದಿಕೊಳ್ಳಬೇಕಾಗುತ್ತದೆ. ಜಾಸ್ತಿ ಕೇಸಿನ ನಡುವೆ ಹೆಂಗಸರ ಮೇಲೆ ರೇಗುವ ಚಾಳಿ ಬೇಗ ಅಂಟುತ್ತದೆ, ಅದರ ಬಗ್ಗೆ ಹುಷಾರಾಗಿರು. ಆದರೆ ಮುಂಡರಗಿಯ ಹೆಂಗಸರು ಏನು ಕೇಳಿಕೊಂಡು ಬರುತ್ತಾರೋ ಅಷ್ಟೂ ಅಲ್ಲಿ ನಿನ್ನ ಕೈಯಲ್ಲೇ ಆಗುತ್ತದೆ.

ರ‍್ಯಾಂಕ್ ಸಾಲದೆ ಕ್ಯಾಥೊಲಿಕ್ ಸೀಟೇ ಸಿಕ್ಕರೆ ಅತ್ತು ಕೂರಬೇಡ, ಸಂತೋಷದಿಂದ ಹೋಗು. ಈಗ ಎಲ್ಲ ಪಿಜಿಗಳೂ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕು. ಅದಕ್ಕೆ ಡಿಆರ್‌ಪಿ ಅಂತಾರೆ. ಅದನ್ನು ರಜೆಯ ಹಾಗೆ ಕಳೆಯುವವರಿದ್ದಾರೆ. ನೀನು ಆ ಮೂರು ತಿಂಗಳು ಟ್ಯೂಬೆಕ್ಟಮಿ ಲಿಸ್ಟ್ ಇರುವ ಒಂದು ದಿನವನ್ನೂ ಬಿಡಬೇಡ. ಕೋರ್ಸ್ ಮುಗಿದ ಮೇಲೆ ಒಂದು ವರ್ಷ ಹುಬ್ಬಳ್ಳಿಯಲ್ಲೋ ಗದಗಿನಲ್ಲೋ ಸೀನಿಯರ್ ರೆಸಿಡೆಂಟ್ ಆಗಿ ಸೇರು. ಉಳಿದದ್ದು ಅಲ್ಲಿ ತುಂಬಿಕೊಳ್ಳುತ್ತದೆ. ಆಸ್ಪತ್ರೆ ಒಂದು ವರ್ಷ ತಡವಾಗಲಿ, ಪರವಾಗಿಲ್ಲ.

ಆಪ್ಷನ್ ಲಾಕ್ ಮಾಡುವ ಮೊದಲು ಎರಡೂ ಕಾಲೇಜಿನ ಎರಡನೇ ವರ್ಷದ ಪಿಜಿಗಳಿಗೆ ಫೋನ್ ಮಾಡು. ಆಫೀಸಿನವರನ್ನು ಕೇಳಬೇಡ. ಲಾಗ್‌ಬುಕ್‌ನಲ್ಲಿ ಸ್ವಂತ ಕೈಯಿಂದ ಮಾಡಿದ್ದು ಎಷ್ಟು, ಪಕ್ಕದಲ್ಲಿ ನಿಂತು ನೋಡಿದ್ದು ಎಷ್ಟು ಅಂತ ಕೇಳು. ಕ್ಯಾಥೊಲಿಕ್ ಕಾಲೇಜಿನವರನ್ನು ಇನ್ನೂ ಎರಡು ವಿಷಯ ಕೇಳು. ನಳಿಕೆಯಲ್ಲಿ ಗರ್ಭ ನಿಂತಾಗ ಅದನ್ನು ಕರಗಿಸುವ ಮೆಥೊಟ್ರೆಕ್ಸೇಟ್ ಔಷಧಿ ಕೊಡುತ್ತಾರೋ, ನಳಿಕೆಯನ್ನೇ ತೆಗೆಯುತ್ತಾರೋ? 17 ವಾರಕ್ಕೆ ನೀರು ಹೋಗಿ, ಜ್ವರ ಶುರುವಾಗಿ, ಕೂಸಿನ ಎದೆಬಡಿತ ಇನ್ನೂ ಇದ್ದರೆ ಏನು ಮಾಡುತ್ತಾರೆ? ಉತ್ತರ ಹೇಳುವಾಗ ಆ ಪಿಜಿ ತಡವರಿಸಿದರೆ ಅದನ್ನೂ ಗಮನಿಸು. ಬಾಂಡ್ ಎಷ್ಟು, ನಡುವೆ ಬಿಟ್ಟರೆ ದಂಡ ಎಷ್ಟು ಅನ್ನುವುದನ್ನು ಅಪ್ಪನ ಎದುರಿಗೇ ಓದು.

ಅವ್ವನಿಗೆ ಹಾಸ್ಟೆಲಿನದ್ದೇ ಯೋಚನೆ ಇರಬೇಕು. ಒಂದು ಭಾನುವಾರ ಸರ್ಕಾರಿ ಕಾಲೇಜಿಗೆ ಅವರನ್ನೂ ಕರೆದುಕೊಂಡು ಹೋಗು. ಪಿಜಿ ಹುಡುಗಿಯರ ರೂಮು, ರಾತ್ರಿ ಡ್ಯೂಟಿಯವರು ಮಲಗುವ ಜಾಗ, ಬಾಗಿಲಿನ ಚಿಲಕ, ಲೇಬರ್ ರೂಮಿಗೆ ಹೋಗುವ ದಾರಿಯ ದೀಪ, ಎಲ್ಲವನ್ನೂ ಅವರೇ ನೋಡಲಿ. ಸರಿಯಿಲ್ಲ ಅನಿಸಿದ್ದನ್ನು ಬರೆದುಕೊಂಡು ಬಂದು ನನಗೂ ತಿಳಿಸು.