ಪ್ರೊ. ಸಿ.ಎನ್.ಆರ್. ರಾವ್ ಅವರ ಸಂಶೋಧನೆ ಯಾವುದು?

ಮಂಡ್ಯದಲ್ಲಿ ಬಿ.ಎಸ್ಸಿ. ಓದುತ್ತಿರುವ ತಾವು ತರಗತಿಯ ಸೆಮಿನಾರಿಗಾಗಿ, ಸಿ.ಎನ್.ಆರ್. ರಾವ್ ಅವರಿಗೆ ಭಾರತರತ್ನ ಬಂದದ್ದು ಯಾವ ಸಂಶೋಧನೆಗೆ ಎಂದು ಕೇಳಿದ್ದೀರಿ. ಮೈಸೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ನನಗೆ ಈ ಪ್ರಶ್ನೆ ಹೆಚ್ಚುಕಡಿಮೆ ಪ್ರತಿ ವರ್ಷವೂ ಎದುರಾಗುತ್ತದೆ. ಸಿ.ವಿ. ರಾಮನ್ ಎಂದೊಡನೆ ರಾಮನ್ ಪರಿಣಾಮ ನೆನಪಾಗುವ ಹಾಗೆ ರಾವ್ ಅವರ ಹೆಸರಿನೊಂದಿಗೆ ಬೆಸೆದುಕೊಂಡ ಒಂದೇ ಆವಿಷ್ಕಾರವಿಲ್ಲ. ಅವರ ಕ್ಷೇತ್ರ ಘನಸ್ಥಿತಿ ರಸಾಯನಶಾಸ್ತ್ರ. ಅಂದರೆ ಘನವಸ್ತುವಿನೊಳಗೆ ಪರಮಾಣುಗಳು ಜೋಡಣೆಗೊಂಡಿರುವ ರೀತಿಗೂ ಆ ವಸ್ತುವಿನ ಗುಣಕ್ಕೂ ಇರುವ ನಂಟನ್ನು ಹುಡುಕುವುದು. ಲೋಹದ ಆಕ್ಸೈಡುಗಳಲ್ಲಿ ಈ ನಂಟನ್ನು ಅವರಷ್ಟು ದೀರ್ಘಕಾಲ ಬೆನ್ನುಹತ್ತಿದವರು ಪ್ರಪಂಚದಲ್ಲೇ ವಿರಳ.

ಇದು ನನಗೆ ಮನವರಿಕೆಯಾದದ್ದು ಪುಸ್ತಕದಿಂದಲ್ಲ. ಎಂ.ಎಸ್ಸಿ. ಪ್ರಾಜೆಕ್ಟಿಗಾಗಿ ಒಂದು ಅತಿವಾಹಕವನ್ನು (ತೀರಾ ತಣಿಸಿದಾಗ ವಿದ್ಯುತ್ತನ್ನು ರೋಧವೇ ಇಲ್ಲದೆ ಹರಿಯಗೊಡುವ ವಸ್ತುವನ್ನು) ತಯಾರಿಸಲು ನಾನು ಇಟ್ರಿಯಂ ಆಕ್ಸೈಡ್, ಬೇರಿಯಂ ಕಾರ್ಬೊನೇಟ್ ಮತ್ತು ತಾಮ್ರದ ಆಕ್ಸೈಡುಗಳನ್ನು ತೂಗಿ, ಅಗೇಟ್ ಕಲ್ಲಿನ ಪುಟ್ಟ ಖಲ್ಲಿನಲ್ಲಿ ಗಂಟೆಗಟ್ಟಲೆ ಅರೆದು, ಸುಮಾರು 930 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಬೇಯಿಸಿ, ಪುಡಿ ಮಾಡಿ, ಬಿಲ್ಲೆಯಾಗಿ ಒತ್ತಿ ಮತ್ತೆ ಬೇಯಿಸಿದೆ. ಕಪ್ಪಾಗಿರಬೇಕಾದ ಬಿಲ್ಲೆ ಹಸಿರು ಬಣ್ಣಕ್ಕೆ ತಿರುಗಿ ಹೊರಬಂತು. ತೂಗುವಾಗ ನಾನು ಮಾಡಿದ ತಪ್ಪಿನಿಂದ, ಅದೇ ಧಾತುಗಳು ಬೇರೆ ಪ್ರಮಾಣದಲ್ಲಿ ಸೇರಿ, ವಿದ್ಯುತ್ತನ್ನು ಹರಿಯಗೊಡದ ಮತ್ತೊಂದು ಸಂಯುಕ್ತ ಹುಟ್ಟಿತ್ತು. ಎರಡನೆಯ ಬಿಲ್ಲೆ ಕಪ್ಪಾಗಿಯೇ ಬಂತು. ಆದರೆ ಅದನ್ನು ಆಮ್ಲಜನಕದ ಹರಿವಿನಲ್ಲಿ ನಿಧಾನವಾಗಿ ತಣಿಸದೆ ಹೋದದ್ದರಿಂದ ಅದೂ ಕೆಲಸಕ್ಕೆ ಬರಲಿಲ್ಲ. ಒಂದು ಇಟ್ರಿಯಂ, ಎರಡು ಬೇರಿಯಂ, ಮೂರು ತಾಮ್ರದ ಲೆಕ್ಕಕ್ಕೆ ಆಮ್ಲಜನಕ ಏಳರ ಹತ್ತಿರವಿದ್ದರೆ ಆ ವಸ್ತು ಅತಿವಾಹಕ. ಆರಕ್ಕೆ ಇಳಿದರೆ ವಿದ್ಯುತ್ ನಿರೋಧಕ. ಮೂರನೆಯ ಬಿಲ್ಲೆಯನ್ನು ದ್ರವ ಸಾರಜನಕದಲ್ಲಿ ತಣಿಸಿದಾಗ ಅದರ ಮೇಲೆ ಪುಟ್ಟ ಅಯಸ್ಕಾಂತವೊಂದು ಆಸರೆಯಿಲ್ಲದೆ ತೇಲಿ ನಿಂತಿತು. (ನಿಮ್ಮೂರಿನ ಪಶು ಆಸ್ಪತ್ರೆಯಲ್ಲಿ ಕೃತಕ ಗರ್ಭಧಾರಣೆಗೆ ವೀರ್ಯದ ಕಡ್ಡಿಗಳನ್ನು ಇಡುವ ಕ್ಯಾನಿನಿಂದ ಬಿಳಿ ಹೊಗೆ ಏಳುವುದನ್ನು ನೋಡಿರುತ್ತೀರಿ, ಅದರಲ್ಲಿರುವುದೂ ಇದೇ ದ್ರವ, ಮೈನಸ್ 196 ಡಿಗ್ರಿ.)

1986ರಲ್ಲಿ ವಿಜ್ಞಾನಿಗಳಾದ ಬೆಡ್ನೋರ್ಜ್ ಮತ್ತು ಮುಲ್ಲರ್ ಲ್ಯಾಂಥನಮ್, ಬೇರಿಯಂ, ತಾಮ್ರದ ಆಕ್ಸೈಡಿನಲ್ಲಿ ಅತಿವಾಹಕತೆಯನ್ನು ಕಂಡು ಮರುವರ್ಷವೇ ನೊಬೆಲ್ ಪಡೆದರು. ಅದೇ ಬಳಗದ ಆಕ್ಸೈಡುಗಳನ್ನು ರಾವ್ ಅವರ ಬೆಂಗಳೂರಿನ ಗುಂಪು ಬೇರೆ ಉದ್ದೇಶದಿಂದ ಅದಕ್ಕೂ ಮೊದಲೇ ತಯಾರಿಸಿ ಅಧ್ಯಯನ ಮಾಡಿತ್ತು. ಆದ್ದರಿಂದಲೇ 1987ರಲ್ಲಿ ಜಗತ್ತಿನ ಪ್ರಯೋಗಾಲಯಗಳೆಲ್ಲ ಈ ವಸ್ತುಗಳ ಹಿಂದೆ ಬಿದ್ದಾಗ ಬೆಂಗಳೂರು ಹಿಂದೆ ಉಳಿಯಲಿಲ್ಲ. ಕಾಂತಕ್ಷೇತ್ರದಲ್ಲಿ ವಿದ್ಯುತ್ ರೋಧ ವಿಪರೀತ ಬದಲಾಗುವ ಮ್ಯಾಂಗನೀಸ್ ಆಕ್ಸೈಡುಗಳು, ಇಂಗಾಲದ ನ್ಯಾನೊ ಕೊಳವೆಗಳು, ಗ್ರಾಫೀನ್ (ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆ) ಎಲ್ಲವೂ ಆಮೇಲೆ ಬಂದವು. ಅವರ ಪ್ರಬಂಧಗಳು 1,500ಕ್ಕೂ ಹೆಚ್ಚು. ಸೆಮಿನಾರಿನಲ್ಲಿ ಈ ಸಂಖ್ಯೆಗೆ ದಯವಿಟ್ಟು ಹೆಚ್ಚು ಸಮಯ ಕೊಡಬೇಡಿ, ಒಂದು ವಸ್ತುವನ್ನು ಹಿಡಿದು ವಿವರಿಸಿ.

ವೃತ್ತಿಜೀವನದ ವಿವರ ಚಿಕ್ಕದಾಗಿ ಸಾಕು. 1934ರಲ್ಲಿ ಬೆಂಗಳೂರಿನಲ್ಲಿ ಜನನ. 1951ರಲ್ಲಿ ನಮ್ಮ ಮೈಸೂರು ವಿಶ್ವವಿದ್ಯಾನಿಲಯದ ಬಿ.ಎಸ್ಸಿ., ಬನಾರಸ್‌ನಲ್ಲಿ ಎಂ.ಎಸ್ಸಿ., 1958ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದಿಂದ ಪಿಎಚ್.ಡಿ. ಮರುವರ್ಷ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕರಾಗಿ, 1963ರಲ್ಲಿ ಕಾನ್ಪುರದ ಐಐಟಿಗೆ ಹೋದರು. 1976ರಲ್ಲಿ ಬೆಂಗಳೂರಿಗೆ ಮರಳಿ, ಘನಸ್ಥಿತಿ ರಸಾಯನಶಾಸ್ತ್ರಕ್ಕಾಗಿಯೇ ಒಂದು ವಿಭಾಗವನ್ನು ಕಟ್ಟಿದರು. 1984ರಿಂದ 1994ರವರೆಗೆ ಸಂಸ್ಥೆಯ ನಿರ್ದೇಶಕರಾಗಿದ್ದರು. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ 1989ರಲ್ಲಿ ಆರಂಭವಾದದ್ದು ಅವರಿಂದ. ಭಾರತರತ್ನ ಘೋಷಣೆಯಾದದ್ದು 2013ರಲ್ಲಿ. ಈ ಸಂಸ್ಥೆಗಳನ್ನು ಕಟ್ಟಿದ ಕೆಲಸವನ್ನು ಸಂಶೋಧನೆಯಿಂದ ಬೇರ್ಪಡಿಸಿ ನೋಡಬಾರದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಒಳ್ಳೆಯ ಕುಲುಮೆ, ಎಕ್ಸ್-ರೇ ಯಂತ್ರ, ಜೊತೆಗೆ ಕೂತು ಚರ್ಚಿಸಬಲ್ಲ ನಾಲ್ಕು ಜನ ಇಲ್ಲದ ಕಡೆ ಈ ವಿಜ್ಞಾನ ಬೆಳೆಯುವುದಿಲ್ಲ.

ನನ್ನ ಹಸಿರು ಮತ್ತು ಕಪ್ಪು ಬಿಲ್ಲೆಗಳು ತೇವ ತಾಗದಂತೆ ಸಿಲಿಕಾ ಜೆಲ್ ಹಾಕಿದ ಸೀಸೆಯಲ್ಲಿ ಇಂದಿಗೂ ನನ್ನ ಬಳಿ ಇವೆ. ಸೆಮಿನಾರಿಗೆ ಮುಂಚೆ ಮೈಸೂರಿಗೆ ಬರುವುದಾದರೆ ತಿಳಿಸಿ, ಅಕ್ಕಪಕ್ಕ ಇಟ್ಟು ತೋರಿಸುತ್ತೇನೆ.