ಧ್ಯಾನದ ಹೊತ್ತಿನಲ್ಲಿ ಮಗಳು ಬಾಗಿಲು ತಟ್ಟಿದರೆ

ಪ್ರಶ್ನೆ: ಬನಶಂಕರಿಯಲ್ಲಿ ವಾಸ, ಐಟಿ ಕಂಪನಿಯಲ್ಲಿ ಕೆಲಸ. ಹತ್ತು ದಿನಗಳ ವಿಪಶ್ಯನ ಶಿಬಿರದಿಂದ ಬಂದ ಮೇಲೆ ಬೆಳಿಗ್ಗೆ, ಸಂಜೆ ಒಂದೊಂದು ಗಂಟೆ ಧ್ಯಾನಕ್ಕೆ ಕೂರುತ್ತೇನೆ. ಆಗ ಮಗಳು ಬಾಗಿಲು ತಟ್ಟಿದರೆ ಸಿಟ್ಟು ನೆತ್ತಿಗೇರಿ ರೇಗುತ್ತೇನೆ. 'ಧ್ಯಾನ ಮಾಡಿ ಬಂದ ಭಾಗ್ಯ ಇದೇನಾ?' ಎಂದು ಪತಿ ಹಂಗಿಸುತ್ತಾರೆ. ಧ್ಯಾನ ಬಿಟ್ಟುಬಿಡಲೇ?

ಉತ್ತರ: ಖಂಡಿತ ಬಿಡಬೇಡಿ. ಶಿಬಿರದಲ್ಲಿ ಮೌನವಿತ್ತು, ಹೊತ್ತಿಗೆ ಸರಿಯಾಗಿ ಊಟ ಸಿದ್ಧವಿರುತ್ತಿತ್ತು, ಫೋನ್ ಕೈಯಲ್ಲಿರಲಿಲ್ಲ. ಅಲ್ಲಿ ಸಿಕ್ಕ ನೆಮ್ಮದಿಯಲ್ಲಿ ಆ ಏರ್ಪಾಡಿನ ಪಾಲೂ ಇತ್ತು. ಅದೇ ನೆಮ್ಮದಿಯನ್ನು, ಕುಕ್ಕರ್ ಕೂಗುವ, ಶಾಲೆಯ ವ್ಯಾನ್ ಬಾಗಿಲಲ್ಲೇ ಹಾರ್ನ್ ಹಾಕುವ ಮನೆಯಲ್ಲಿ ಕಾಪಾಡಿಕೊಳ್ಳಲು ಹೊರಟಾಗ, ಮಗಳು ಅದನ್ನು ಕಸಿಯಲು ಬಂದವಳಂತೆ ಕಾಣುತ್ತಾಳೆ. ದುಃಖದ ಮೂಲವೆಂದು ಬುದ್ಧ ಹೇಳಿದ ತೃಷ್ಣೆ, ಅಂದರೆ ಬೇಕೆಂಬ ಹಂಬಲ, ಈಗ ನಿಮ್ಮ ಶಾಂತಿಗೇ ಅಂಟಿಕೊಂಡಿದೆ.

ಬುದ್ಧ ತನ್ನ ಮಗ ರಾಹುಲನಿಗೆ ಮಾಡಿದ ಉಪದೇಶವೊಂದು, ಅವನ ಉಪದೇಶಗಳ ಪಾಲಿ ಸಂಗ್ರಹಗಳಲ್ಲೊಂದಾದ ಮಜ್ಝಿಮ ನಿಕಾಯದಲ್ಲಿದೆ. ಕಾಯ, ವಾಕ್ಕು, ಮನಸ್ಸುಗಳಿಂದ ಯಾವ ಕ್ರಿಯೆಯನ್ನೇ ಆಗಲಿ ಮಾಡುವ ಮುನ್ನ, ಮಾಡುತ್ತಿರುವಾಗ ಮತ್ತು ಮಾಡಿದ ಮೇಲೆ, ಇದರಿಂದ ತನಗಾಗಲಿ ಪರರಿಗಾಗಲಿ ನೋವಾಗುವುದೇ ಎಂದು ನೋಡಿಕೊಳ್ಳಬೇಕೆಂಬುದು ಅದರ ತಿರುಳು. ಬಾಗಿಲು ತಟ್ಟಿದ ಸದ್ದು ಕೇಳಿದೊಡನೆ ಕಿವಿ ಬಿಸಿಯಾಗುವುದನ್ನು, ದವಡೆ ಬಿಗಿಯುವುದನ್ನು ಗಮನಿಸಿ. ಶಿಬಿರದಲ್ಲಿ ನೀವು ಕಲಿತಿರುವುದು ದೇಹದ ಸಂವೇದನೆಗಳನ್ನು ಹೀಗೆ ನೋಡುವುದನ್ನೇ ಅಲ್ಲವೇ? ಒಂದು ಉಸಿರು ಪೂರ್ತಿ ಹೊರಹೋಗಲಿ, ಆಮೇಲೆ ಎದ್ದು ಬಾಗಿಲು ತೆರೆಯಿರಿ. ಅಷ್ಟರೊಳಗೆ ರೇಗಿಬಿಟ್ಟ ದಿನವೂ ಇರುತ್ತದೆ. ಮಾತಿನಿಂದ ನೋವಾಗಿದ್ದರೆ ಅದನ್ನು ಗುರುವಿನ ಅಥವಾ ತಿಳಿದ ಸಹಸಾಧಕರ ಮುಂದೆ ಒಪ್ಪಿಕೊಂಡು ಮುಂದೆ ಎಚ್ಚರವಹಿಸಬೇಕೆಂದು ರಾಹುಲನಿಗೆ ಹೇಳಲಾಗಿದೆ. ಸಂಸಾರವಂದಿಗರಾದ ನೀವು ಮಗಳ ಬಳಿಯೇ ಕುಳಿತು, 'ಆಗ ರೇಗಿಬಿಟ್ಟೆ, ತಪ್ಪಾಯಿತು ಪುಟ್ಟಿ' ಎನ್ನಿ. ಈ ಉಪದೇಶದಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದೆನಿಸುವುದು ಈ ಭಾಗವೇ.

ಬೆಳಗಿನ ಧ್ಯಾನವನ್ನು ಮಗಳು ಏಳುವ ಮುನ್ನ ಮುಗಿಯುವಂತೆ ಇಟ್ಟುಕೊಳ್ಳಿ. ಸದ್ಯಕ್ಕೆ ಅರ್ಧ ಗಂಟೆಯಾದರೂ ಸರಿ. ಜೊತೆಗೆ ಬೇರೆ ಸಾಧಕರ ಒಡನಾಟ ಬೇಕೆನಿಸಿದರೆ, ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಸ್ಥಾಪಿಸಿದ ಬೆಂಗಳೂರಿನ ಮಹಾಬೋಧಿ ಸೊಸೈಟಿ ಎಂಬ ಬೌದ್ಧ ಸಂಸ್ಥೆ ಗಾಂಧಿನಗರದಲ್ಲೇ ಇದೆ, ಮಗಳನ್ನೂ ಕರೆದುಕೊಂಡು ಹೋಗಿಬನ್ನಿ.

ಇನ್ನು ಪತಿಯ ಹಂಗಿಸುವ ಮಾತು. ಅದನ್ನು ನುಂಗಿಕೊಂಡಿರುವುದೇ ಸಹನೆಯೆಂದು ದಯವಿಟ್ಟು ತಿಳಿಯಬೇಡಿ. ಬುದ್ಧ ಗೃಹಸ್ಥರಿಗಾಗಿ ಹೇಳಿದ 'ಸಿಗಾಲೋವಾದ ಸುತ್ತ' ಎಂಬ ಉಪದೇಶದಲ್ಲಿ, ಹೆಂಡತಿಯನ್ನು ಗೌರವಿಸುವುದು, ಹೀಗಳೆಯದಿರುವುದು ಗಂಡನ ಕರ್ತವ್ಯಗಳೆಂದೇ ಇದೆ. ಸಿಟ್ಟಿಲ್ಲದ ಹೊತ್ತು ನೋಡಿ ಅವರೊಡನೆ ಮಾತನಾಡಿ. ಸಂಜೆ ನೀವು ಧ್ಯಾನಕ್ಕೆ ಕುಳಿತಿರುವಾಗ ಮಗಳನ್ನು ನೋಡಿಕೊಳ್ಳುವ ಕೆಲಸವನ್ನು ಅವರು ವಹಿಸಿಕೊಳ್ಳಬೇಕೆಂದು ಸ್ಪಷ್ಟವಾಗಿ ಕೇಳಿ.